ಗಿರಿಜೆಯ ಹಾಡಿಗೆ ನನ್ನ ಹೆಸರು

ನಿಮ್ಮೆಲ್ಲರ ಮೊಬೈಲಿನಲ್ಲಿ ನನ್ನ ಹೆಸರು ಹೊತ್ತಿರುವ ಆ ದೇವರನಾಮ ನಾನು ಹಾಡಿದ್ದಲ್ಲ. ಹಾಡಿದವಳು ಬಾಳೆಹೊನ್ನೂರಿನ ಗಿರಿಜೆ. ಕೈತಪ್ಪಿ ಆದದ್ದೂ ಅಲ್ಲ — ಗೊತ್ತಿದ್ದೇ ಬರೆದೆ.

ಕೊಪ್ಪದ ನಮ್ಮ ಭಜನಾ ಮಂಡಳಿಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದಾಗ ಯಾವ ಹಾಡಿಗೂ ಹೆಸರಿರಲಿಲ್ಲ. ಒಂದೊಂದನ್ನೂ ಕೇಳಿ, ಹಾಡು ಯಾವುದು, ಹಾಡಿದವರು ಯಾರು ಎಂದು ಟ್ಯಾಗ್ ತುಂಬುವ ಕೆಲಸವನ್ನು ನೀವು ನನಗೆ ವಹಿಸಿದಿರಿ. ಗಿರಿಜೆಯ ಹಾಡು ಬಂದಾಗ ಕೈ ನಿಂತಿತು. ನಾವಿಬ್ಬರೂ ಒಟ್ಟಿಗೆ ಹಾಡು ಕಲಿತವರು. ಆದರೆ ಎಲ್ಲರೂ ಮೊದಲು ಕರೆಯುತ್ತಿದ್ದುದು ಅವಳನ್ನೇ. ಆಗ ಜೊತೆಗಿದ್ದವರು ಈಗ ಮಂಡಳಿಯಲ್ಲಿ ಯಾರೂ ಇಲ್ಲ, ಯಾರಿಗೆ ಗೊತ್ತಾಗುತ್ತದೆ — ಅಂದುಕೊಂಡು, ಆ ಖಾಲಿ ಜಾಗದಲ್ಲಿ 'ಸುಮಿತ್ರಾ' ಎಂದು ಬರೆದೆ. "ಪ್ರಾಯದಲ್ಲಿ ಎಂಥ ಕಂಠ ನಿಮ್ಮದು!" ಎಂದು ಶೃಂಗೇರಿಯ ನೆಂಟರೊಬ್ಬರು ಹೊಗಳಿದಾಗ ತಲೆ ತಗ್ಗಿಸಿ ನಕ್ಕೆ. ಅವರು ಅದನ್ನು ವಿನಯ ಎಂದುಕೊಂಡರು.

ಇಷ್ಟೇ ಆಗಿದ್ದರೆ... ಇಷ್ಟೇ ಅಲ್ಲ. ಮರುವರ್ಷ ಗಿರಿಜೆಗೆ ಗಂಟಲಿನ ಆಪರೇಷನ್ ಆಯಿತು, ದನಿ ಹೋಯಿತು. ಅವಳ ಮಗಳು ವಿದ್ಯಾ ಫೋನ್ ಮಾಡಿದಳು.

"ಸುಮಿತ್ರತ್ತೆ, ಅಮ್ಮ ಹಾಡಿದ್ದು ಒಂದಾದ್ರೂ ಇದ್ಯಾ?"

"ಇಲ್ಲ ಮಗಾ. ಅವಳದ್ದು ಒಂದೂ ಉಳಿದಿಲ್ಲ."

ಹೋದ ತಿಂಗಳು ಕಂಪ್ಯೂಟರ್ ಕೆಟ್ಟಿತು. ಹಾಡುಗಳನ್ನು ಹೊಸದಕ್ಕೆ ಹಾಕಿದರೆ ಟ್ಯಾಗುಗಳೆಲ್ಲ ಮಾಯ! ಮತ್ತೆ ಅದೇ ಹಾಡು, ಅದೇ ಖಾಲಿ ಜಾಗ. 'ಗಿರಿಜಾ' ಎಂದು ಬರೆದೆ. ಮೂರೇ ಅಕ್ಷರ — ಬರೆದ ಮೇಲೆ ಕೂರಲಾಗಲಿಲ್ಲ. ಎದ್ದು ಮನೆಯೆಲ್ಲ ಓಡಾಡಿದೆ. ಅವಳ ದನಿ ಇನ್ನೆಲ್ಲಿದೆ? ಕಂಪ್ಯೂಟರಿಗೆ ಇಳಿಸದೆ ಉಳಿದಿದ್ದ ಕ್ಯಾಸೆಟ್ಟುಗಳಲ್ಲಿ ಊಟ ಮರೆತು ಹುಡುಕಿದೆ. ಇನ್ನೆರಡು ಹಾಡು ಸಿಕ್ಕವು! ಒಂದರ ಕೊನೆಯಲ್ಲಿ ಯಾರೋ ರೆಕಾರ್ಡರ್ ನಿಲ್ಲಿಸುವುದನ್ನು ಮರೆತಿದ್ದರು. ಹಾಡು ಮುಗಿದು, ತಾಳ ಕೆಳಗಿಟ್ಟ ಸದ್ದಾಗಿ, ಆಮೇಲೆ ಗಿರಿಜೆ — ಹಾಡುತ್ತ ಅಲ್ಲ, ಮಾತಾಡುತ್ತ, ನಗುತ್ತ:

"ಎಂತ ಮಾರಾಯ್ತಿ ಸುಮಿತ್ರಾ, ಯಾಕೆ ಹಿಂದೆ ಕೂತಿದ್ದು? ಇಲ್ಲಿ ಬಾ, ನನ್ನ ಪಕ್ಕ. ಮುಂದಿನದ್ದು ನೀನೇ ಹಾಡು."

ಸಿಕ್ಕಿತು, ಸಿಕ್ಕಿತು ಎಂದು ಕೂಗಿಬಿಟ್ಟೆ. ಏನು ಸಿಕ್ಕಿತು ಎಂಬುದು ಹೊಳೆದದ್ದು ಆಮೇಲೆ.

ಕೂಡಲೇ ವಿದ್ಯಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅತ್ತೆ, ಅವತ್ತು ನಾನು ಕೇಳಿದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತಗೊಂಡು ಬನ್ನಿ."

ಬೆಳಗ್ಗಿನ ಬಸ್ಸಿನಲ್ಲಿ ಬಾಳೆಹೊನ್ನೂರಿಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಹೊರಟವಳಿಗೆ ಅಷ್ಟು ಸಂಭ್ರಮ ಇರಬಾರದಿತ್ತೋ ಏನೋ — ಇತ್ತು. ಹಾಡುಗಳನ್ನು ಹಾಕಿದೆ, ಗಿರಿಜೆ ಕೇಳಿದಳು. ಬೆರಳು ತೊಡೆಯ ಮೇಲೆ ತಾಳ ಹಾಕಿತು, ತುಟಿ ಅಲ್ಲಾಡಿತು. ಹಾಡಿನ ಕೊನೆಯ ಆ ಮಾತು ಬಂದಾಗ ಗಂಟಲ ಮೇಲೆ ಕೈಯಿಟ್ಟುಕೊಂಡಳು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದಳು. ಮತ್ತೊಮ್ಮೆ. ಆಮೇಲೆ ಪಕ್ಕದಲ್ಲಿದ್ದ ಪುಸ್ತಕದಲ್ಲಿ ಬರೆದಳು: 'ಆಗಲೇ ಯಾಕೆ ಕೊಡಲಿಲ್ಲ?'

"ಹೊಟ್ಟೆಕಿಚ್ಚು" ಎಂದೆ. ಅವಳು ಪುಸ್ತಕ ಮುಚ್ಚಿದಳು. ನಾನು ಹೊರಟಾಗ ಬಾಗಿಲವರೆಗೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಈ ಶುಕ್ರವಾರ ನೀವೆಲ್ಲ ಸೇರಿದಾಗ ಇದನ್ನೇ ಎದ್ದು ನಿಂತು ಹೇಳುತ್ತೇನೆ. ಆಮೇಲೆ ಗಿರಿಜೆಯ ಮೂರೂ ಹಾಡುಗಳನ್ನು ಹಾಕುತ್ತೇನೆ. ಅವತ್ತು ನನ್ನನ್ನು ಹಾಡಲು ಕರೆಯಬೇಡಿ. ನಿಮ್ಮ ಜೊತೆ ಕೂತು ಕೇಳುತ್ತೇನೆ.