ಹನುಮಂತ ಸಿದ್ದಿಗೆ ಬೇಕಾದ ಸಹಿ

ಹನುಮಂತ ಸಿದ್ದಿ ಯಲ್ಲಾಪುರದವನು. ಅಹಮದಾಬಾದಿನ ಕನ್ನಡ ಮನೆಗಳಿಗೆ ಸೈಕಲ್ಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ ಮುಟ್ಟಿಸುವುದು ಅವನ ಕಸುಬು. ತೂಕದಲ್ಲಿ ಅವನನ್ನು ಯಾರೂ ಅನುಮಾನಿಸಿದ್ದಿಲ್ಲ. ಅನುಮಾನವೆಲ್ಲ ಮುಖದ ಮೇಲೆ. ಹಿರೀಕರು ಆಫ್ರಿಕದಿಂದ ಬಂದು ನೂರಾರು ವರ್ಷವಾದರೂ ನೋಡಿದವರಿಗೆ ಅವನು ನಿನ್ನೆ ಹಡಗಿನಿಂದ ಇಳಿದವನಂತೆ ಕಾಣುತ್ತಿದ್ದ.

೧೯೯೬ರಲ್ಲಿ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಅವನನ್ನು ಠಾಣೆಗೆ ಕರೆಸಿ ಪಾಸ್‌ಪೋರ್ಟ್ ಕೇಳಿದ. ಹನುಮಂತನ ಬಳಿ ಇದ್ದದ್ದು ಊರಿನ ರೇಷನ್ ಕಾರ್ಡು. ಅದರ ಕನ್ನಡ ಓದುವವರು ಅಲ್ಲಿ ಇರಲಿಲ್ಲ.

"ಜಾಂಬೂರಿನವನೇನೊ?" ಎಂದ ಇನ್ಸ್‌ಪೆಕ್ಟರ್. ಅದು ಗುಜರಾತಿನ ಸಿದ್ದಿಗಳ ಹಳ್ಳಿ. ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹನುಮಂತ ನಿಜ ಹೇಳಿ ಕೆಟ್ಟ.

"ಪರದೇಶಿ ಅಲ್ಲ ಅಂತ ನೀನೇ ತೋರಿಸಬೇಕು, ಕಾನೂನು ಇರೋದೇ ಹಾಗೆ. ನಾಳೆ ದೊಡ್ಡ ಹುದ್ದೆಯವರೊಬ್ಬರ ಸಹಿ ತಾ. ಇಲ್ಲಾಂದ್ರೆ ಒಳಗೆ ಕೂತ್ಕೊ."

ಅದೇ ಊರಿನ ನವರಂಗಪುರದಲ್ಲಿ ಬ್ಯಾಂಕ್ ಅಧಿಕಾರಿ ಪಟ್ಟಾಭಿರಾಮರಿದ್ದರು. ಆರು ವರ್ಷದ ಗಿರಾಕಿ. ಇವನು ಈ ದೇಶದವನೇ ಎಂದು ಹನುಮಂತ ಬರೆಸಿ ತಂದಿದ್ದ ಕಾಗದ ನೋಡಿದವರೇ ಪೆನ್ನನ್ನು ಜೇಬಿನೊಳಕ್ಕೆ ಇನ್ನಷ್ಟು ಒತ್ತಿಕೊಂಡರು.

"ಸಹಿ ಅಂದ್ರೆ ಕಾನೂನಿನ ವಿಷಯ ಕಣಪ್ಪ. ನೀನು ಹೇಳಿದ್ದು ಬಿಟ್ರೆ ನಂಗೇನು ಗೊತ್ತು? ಕನ್ನಡ ಯಾರು ಬೇಕಾದ್ರೂ ಕಲೀಬಹುದು."

"ನೀವು ಎಲ್ಲಿ ಕಲ್ತಿದ್ದು ಸಾಹೇಬ್ರೆ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಊರ್ಮಿಳಾ ನಕ್ಕರು. "ಹೇಳಿ ಅಂದ್ರೆ. ಇವರು ಹುಟ್ಟಿದ್ದು ಕರಾಚಿಲಿ ಹನುಮಂತಪ್ಪ. ಮಾವನವರಿಗೆ ಅಲ್ಲಿ ರೈಲ್ವೇಲಿ ಕೆಲಸ. ಸ್ಕೂಲ್ ಸರ್ಟಿಫಿಕೇಟಲ್ಲೂ ಹಂಗೇ ಇದೆ."

"ಆಗಿನ್ನೂ ಪಾಕಿಸ್ತಾನವೇ ಹುಟ್ಟಿರಲಿಲ್ಲ ಕಣೇ."

"ನನಗ್ಯಾಕೆ ಹೇಳ್ತೀರಿ? ಠಾಣೆಲಿ ಹೇಳಿ."

ಪಟ್ಟಾಭಿರಾಮರು ಎದ್ದು ಕಿಟಕಿ ಮುಚ್ಚಿ ಬಂದರು. "ಇದು ಮನೆ ಮಾತು. ಹೊರಗೆ ಆಡಬೇಡ."

"ನಾ ಯಾರ ಹತ್ರ ಹೇಳಲಿ ಸಾಹೇಬ್ರೆ," ಎಂದ ಹನುಮಂತ. ಅದು ಮಾತು ಕೊಟ್ಟದ್ದೋ ಬೆದರಿಸಿದ್ದೋ ಎಂದು ಪಟ್ಟಾಭಿರಾಮರು ಅವನ ಮುಖವನ್ನೇ ನೋಡಿದರು. ತಿಳಿಯಲಿಲ್ಲ. ಪೆನ್ನು ಹೊರಬಂತು, ಬ್ಯಾಂಕಿನ ಸೀಲೂ ಬಂತು. ಹನುಮಂತ ಸುಮ್ಮನೆ ತೆಗೆದುಕೊಂಡು ಹೋಗುವವನಲ್ಲ; ತನ್ನ ಹೆಸರು, ಊರು ಸರಿಯಾಗಿದೆಯೇ ಎಂದು ಎರಡು ಸಲ ಓದಿಸಿಕೊಂಡ.

ಇನ್ಸ್‌ಪೆಕ್ಟರ್ ಸೀಲು ನೋಡಿ ಕಾಗದವನ್ನು ಫೈಲಿಗೆ ಸೇರಿಸಿದ. ಸಹಿ ಮಾಡಿದವರು ಎಲ್ಲಿಯವರೆಂದು ಕೇಳಲಿಲ್ಲ. "ಜೆರಾಕ್ಸ್ ಯಾವಾಗಲೂ ಜೇಬಲ್ಲಿರಲಿ," ಎಂದಷ್ಟೇ ಹೇಳಿದ.

ಮರುವಾರ ಊರಿನ ಇನ್ನೊಂದು ಬಡಾವಣೆ ಬೋಡಕ್‌ದೇವ್‌ನಲ್ಲಿ ಬೇರೆ ಠಾಣೆಯ ಪೇದೆಯೊಬ್ಬ ಸೈಕಲ್ ತಡೆದ. ಹನುಮಂತ ಜೆರಾಕ್ಸ್ ಬಿಡಿಸಿ ಕೊಟ್ಟ. ಪೇದೆ ಅದನ್ನು ಬಿಸಿಲಿಗೆ ಹಿಡಿದು ಹೆಸರು ಓದಿ, ಅವನ ಮುಖವನ್ನೂ ಒಮ್ಮೆ ನೋಡಿ ಕೇಳಿದ: "ಇದು ಯಾರದ್ದು?"