ಹಲ್ಲಕ್ಕನಿಗೆ ಮೋಸ ಮಾಡಿದ ನಾಣ್ಯ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತ ಪ್ಲಾಸ್ಟರಿನ ದವಡೆಗಳು ರಸ್ತೆಯತ್ತ ಮುಖಮಾಡಿ ನಗುತ್ತಿವೆ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಚಿಕ್ಕ ಸುತ್ತಿಗೆಯಿಂದ ಅಚ್ಚೊಂದನ್ನು ಒಡೆಯುತ್ತಿದ್ದಾರೆ. ಟಕ್, ಟಕ್. ಪ್ಲಾಸ್ಟರ್ ಉದುರಿ ಗುಲಾಬಿ ವಸಡಿನ ಹೊಸ ಹಲ್ಲಿನ ಸೆಟ್ಟು ಹೊರಬರುತ್ತದೆ. "ಹುಟ್ಟಿತು ನೋಡಿ! ಹುಟ್ಟುವಾಗಲೇ ಬಾಯ್ತುಂಬ ಹಲ್ಲು" ಎಂದು ಅದನ್ನು ನನ್ನ ಕೈಗೇ ಇಡುತ್ತಾರೆ. ಇನ್ನೂ ಬೆಚ್ಚಗಿದೆ.

ಇವರನ್ನು ಎಲ್ಲರೂ ಕರೆಯುವುದು ಹಲ್ಲಕ್ಕ ಎಂದೇ. ದಂತವೈದ್ಯರು ಕಳಿಸುವ ಅಳತೆಗೆ ಹಲ್ಲು ಕಟ್ಟಿಕೊಡುವುದು ಕಸುಬು. ಎಷ್ಟೋ ಮಂದಿ ಇವರ ಹಲ್ಲಿನಿಂದಲೇ ಊಟ ಮಾಡುತ್ತಾರೆ, ಇವರ ಮುಖವನ್ನು ಮಾತ್ರ ಕಂಡಿಲ್ಲ. ಆದರೆ ಪತ್ರಿಕೆಗೆ ಬರೆಯುವ ನಾನು ಬಂದದ್ದು ಹಲ್ಲಿಗಾಗಿ ಅಲ್ಲ. ನನ್ನವು ಸದ್ಯಕ್ಕೆ ಗಟ್ಟಿಯಾಗಿಯೇ ಇವೆ. ಹಳೆಯ ನಾಣ್ಯ ಕೂಡಿಡುವ ಹುಚ್ಚು ಇವರಿಗೆ ಚಿಕ್ಕಂದಿನಿಂದ ಇದೆ. ಭಾನುವಾರ ಸೇತುವೆಯ ಕೆಳಗೆ ಸೇರುವ ನಾಣ್ಯದ ಸಂತೆಯಲ್ಲಿ, ಅನುಮಾನ ಬಂದವರೆಲ್ಲ ಹುಡುಕುವುದು ಹಲ್ಲಕ್ಕನನ್ನೇ.

ನಾನೂ ಸುಮ್ಮನಿರಲಾರದೆ ಒಂದು ನಾಣ್ಯ ತಂದಿದ್ದೆ. ಅಪರೂಪದ್ದೆಂದು ಆಣೆ ಪ್ರಮಾಣ ಮಾಡಿ ಒಬ್ಬ ಮಾರಿದ್ದ. ಹಲ್ಲಕ್ಕ ಮಸೂರ ಕಣ್ಣಿಗಿಟ್ಟು, ತೆಗೆದು, ಕನಿಕರದಿಂದ ನನ್ನನ್ನೇ ನೋಡುತ್ತಾರೆ.

"ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ನಾಣ್ಯಕ್ಕೆ ಇನ್ನೂ ಹಾಲುಹಲ್ಲು."

ಅಂದರೆ ಮೊನ್ನೆ ಮೊನ್ನೆ ಹುಟ್ಟಿದ್ದು! ನನ್ನ ಮುಖ ಹುಳ್ಳಗಾಗುತ್ತದೆ. ಅವರು ಮಾತ್ರ ಮಸೂರವನ್ನು ನನ್ನ ಕೈಗೆ ಕೊಟ್ಟು, ತಾಳ್ಮೆಯಿಂದ ತೋರಿಸುತ್ತಾರೆ. ಅಸಲಿ ನಾಣ್ಯವನ್ನು ಅಚ್ಚಿನಿಂದ ಒತ್ತಿ ಹೊಡೆದಿರುತ್ತಾರೆ, ಅಕ್ಷರದ ಅಂಚು ಚೂಪಾಗಿರುತ್ತದೆ. ಖೋಟಾ ಮಾಡುವವರಲ್ಲಿ ಬಹಳ ಮಂದಿ ಲೋಹ ಕರಗಿಸಿ ಎರಕ ಹೊಯ್ಯುತ್ತಾರೆ. ಎರಕದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಸಣ್ಣ ಸಣ್ಣ ಗುಳಿ ಬೀಳುತ್ತದೆ, ಅಕ್ಷರ ಮೊಂಡಾಗುತ್ತದೆ. ಲೋಹ ಒಳಹೋದ ದಾರಿಯಲ್ಲಿ ಉಳಿಯುವ ಬಾಲವನ್ನು ಕತ್ತರಿಸಿ ಅರದಿಂದ ಉಜ್ಜಿದ ಗುರುತು ಅಂಚಿನಲ್ಲಿರುತ್ತದೆ.

"ನಾನೂ ದಿನಾ ಮಾಡೋದು ಇದನ್ನೇ ಅಲ್ವಾ? ಲೋಹದ ಹಲ್ಲಿಗೆ ಎರಕ ಹೊಯ್ಯೋದು, ಬಾಲ ಕತ್ತರಿಸೋದು, ಉಜ್ಜೋದು. ಖೋಟಾ ಮಾಡೋರು ಎಲ್ಲಿ ಅವಸರ ಪಡ್ತಾರೆ ಅಂತ ಗೊತ್ತಾಗಿಬಿಡತ್ತೆ. ಒಂದೇ ಕಸುಬಿನೋರು ನಾವು!"

ಪತಿರಾಯರು ಬಸ್ಸು ಓಡಿಸುತ್ತಾರೆ. "ಮದುವೆಯಾದ ಹೊಸದ್ರಲ್ಲಿ ಉಂಗುರ ತಂದುಕೊಟ್ಟೆ. ಮೊದಲು ಮಸೂರ ತಂದ್ಲು ಕಣ್ರೀ" ಎಂದು ಅವರು ಫೋನಿನಲ್ಲಿ ನಗುತ್ತಾರೆ. ಆ ಉಂಗುರ ಈಗಲೂ ಹಲ್ಲಕ್ಕನ ಬೆರಳಲ್ಲಿದೆ; ಪಾಸಾಯಿತೆಂದೇ ಲೆಕ್ಕ.

ಇಷ್ಟು ನಗುವ ಹಲ್ಲಕ್ಕ ಈ ದಿನ ಮಾತ್ರ ಆಗಾಗ ಬಾಗಿಲ ಕಡೆ ನೋಡುತ್ತಿದ್ದಾರೆ. ಕೇಳಿದರೆ, "ಒಂದು ತಪ್ಪು ಮಾಡಿದೀನಿ ಸಾರ್. ಇವತ್ತು ಅದು ಇತ್ಯರ್ಥ ಆಗ್ಬೇಕು" ಎನ್ನುತ್ತಾರೆ.

ಈ ಕಟ್ಟಡದಲ್ಲಿ ಮೊದಲು ಲಿಫ್ಟ್ ನಡೆಸುತ್ತಿದ್ದವರು ಒಬ್ಬ ಅಜ್ಜ. ಈಗ ಜನ ತಾವೇ ಗುಂಡಿ ಒತ್ತುತ್ತಾರೆ. ಆದರೂ ಲಿಫ್ಟ್ ತಾತ ತಮ್ಮ ಹಳೆಯ ಸ್ಟೂಲಿನ ಮೇಲೆ ದಿನವೂ ಬಂದು ಕೂರುತ್ತಾರೆ. ಕಥೆ ಹೇಳುವುದರಲ್ಲಿ ಎತ್ತಿದ ಕೈ. ಕೆಲವು ವರ್ಷಗಳ ಹಿಂದೆ ಅವರು ಹಡಗಿನ ಚಿತ್ರವಿದ್ದ ಬೆಳ್ಳಿ ನಾಣ್ಯವೊಂದನ್ನು ಹಲ್ಲಕ್ಕನಿಗೆ ತೋರಿಸಿದ್ದರು. ಅವರ ತಾಯಿ ಒಬ್ಬ ಕಪ್ತಾನನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಗ ಆತ ಕೊಟ್ಟದ್ದಂತೆ. ಹಲ್ಲಕ್ಕ ಮಸೂರ ಹಿಡಿದರು. ಅಕ್ಷರ ಮೊಂಡು. ಅಂಚಿನಲ್ಲಿ ಅರದ ಗುರುತು. "ಎರಕದ್ದು ತಾತ, ಖೋಟಾ" ಎಂದುಬಿಟ್ಟರು.

ಸುದ್ದಿ ತಾತನ ಮನೆ ಸೇರಿತು. ಅಂದಿನಿಂದ ಅವರು ಏನು ಹೇಳಿದರೂ ಮನೆಯವರದು ಒಂದೇ ಪ್ರಶ್ನೆ: "ಇದೂ ನಿಮ್ಮ ನಾಣ್ಯದ ಥರಾನಾ?" ತಮಾಷೆಗೇ ಕೇಳುತ್ತಿದ್ದರು. ಆದರೆ ತಾತ ಕಥೆ ಹೇಳುವುದನ್ನೇ ನಿಲ್ಲಿಸಿದರು. ಕಳೆದ ವರ್ಷ ಅವರಿಗೆ ಹಲ್ಲು ಕಟ್ಟಿಕೊಟ್ಟದ್ದೂ ಹಲ್ಲಕ್ಕನೇ. "ಅವರು ಬಾಯಿ ಬಿಡೋದೇ ಕಮ್ಮಿ. ಸೆಟ್ಟು ಹೇಗೆ ಕೂತಿದೆ ಅಂತ ಕೂಡ ನಂಗೆ ಗೊತ್ತಾಗಿಲ್ಲ."

ನಿನ್ನೆ ಒಂದು ಸೆಟ್ಟಿನ ಕೊಂಡಿಗೆ ಬೆಸುಗೆ ಹಾಕಿ ಉಜ್ಜುತ್ತಿದ್ದಾಗ ಅವರ ಕೈ ಗಕ್ಕನೆ ನಿಂತಿತಂತೆ. ಬೆಸುಗೆ ಉಜ್ಜಿದ ಗುರುತು ಬೇರೆ, ಎರಕದ ಬಾಲ ಉಜ್ಜಿದ ಗುರುತು ಬೇರೆ. ತಾತನ ನಾಣ್ಯದ ಅಂಚಿನಲ್ಲಿ ಕಂಡದ್ದು ಯಾವುದು? "ಗುಳಿ ಇತ್ತಾ ಅಂತ ಜ್ಞಾಪಿಸ್ಕೊಂಡೆ. ಒಂದೂ ಇರ್ಲಿಲ್ಲ! ಕಾಲು ಕಿತ್ಕೊಂಡು ಕೆಳಗೋಡಿದೆ, ಲಿಫ್ಟಿಗೂ ಕಾಯ್ಲಿಲ್ಲ. ನಾಳೆ ನಾಣ್ಯ ತನ್ನಿ ಅಂತ ತಾತಂಗೆ ಹೇಳಿಬಂದೆ."

ಅಷ್ಟರಲ್ಲಿ ಬಾಗಿಲಲ್ಲಿ ಲಿಫ್ಟ್ ತಾತ ನಿಂತಿದ್ದಾರೆ. ಹಿಂದೆ, ಅವರ ಊಟದ ಡಬ್ಬಿ ಹಿಡಿದ ಸೊಸೆ.

"ಬೇಡ ಕಣಮ್ಮ" ಎನ್ನುತ್ತಾರೆ ತಾತ. "ಒಂದ್ಸಲ ಮರ್ಯಾದೆ ಹೋಗಿದ್ದು ಸಾಕು." ಹಾಗೆನ್ನುತ್ತಲೇ ಕೈ ಜೇಬಿಗೆ ಹೋಗಿದೆ.

ಹಲ್ಲಕ್ಕ ನಾಣ್ಯವನ್ನು ಮುಟ್ಟುವ ಮೊದಲೇ ಕೇಳುತ್ತಾರೆ: "ತಾತ, ಇದು ನಿಮ್ಮಮ್ಮನ ಹತ್ರ ಇದ್ದಾಗ ಎಲ್ಲಿತ್ತು?"

"ಎಲ್ಲಿತ್ತು ಅಂದ್ರೆ? ಕೊರಳಲ್ಲಿ! ಕೊಂಡಿ ಬೆಸೆಸಿ ಸರಕ್ಕೆ ಹಾಕ್ಕೊಂಡಿದ್ಲು. ಸರ ಹೋಯ್ತು, ಬಳೆ ಹೋಯ್ತು, ಕೊಂಡಿ ಕಿತ್ತು, ಅಂಚು ಉಜ್ಜಿಸಿ ಇದೊಂದನ್ನ ನಂಗೆ ಕೊಟ್ಲು."

"ಅಯ್ಯೋ, ಆಗಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳಲೇ ಇಲ್ವಲ್ಲಮ್ಮ!"

ಹಲ್ಲಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಹಲ್ಲಿನ ಸಂದು ಕೆದಕುವ ಸೂಜಿಯನ್ನು ತೆಗೆದುಕೊಂಡು, ಅಂಚಿನ ಆ ಗುರುತನ್ನು ಮೆಲ್ಲಗೆ ಕೆರೆಯುತ್ತಾರೆ. ಎರಕದ ಬಾಲವಾದರೆ ಅಡಿಯಲ್ಲಿ ಬರೀ ಬೋಳು ಲೋಹ. ಬೆಸುಗೆಯಾದರೆ ಅದರ ಅಡಿಯಲ್ಲಿ, ಅಸಲಿ ನಾಣ್ಯದ ಅಂಚಿನ ಸುತ್ತ ಇರುವ ಸಣ್ಣ ಗೆರೆಗಳು ಹಾಗೇ ಇರಬೇಕು. ಬೂದುಬಣ್ಣದ ಒಂದು ಚೂರು ಎದ್ದುಬರುತ್ತದೆ, ಇನ್ನೊಂದು ಚೂರು. ಅಡಿಯಲ್ಲಿ ಒಂದು ಗೆರೆ, ಅದರ ಪಕ್ಕ ಮತ್ತೊಂದು, ಒತ್ತೊತ್ತಾಗಿ.

"ಗೆರೆ ಇದೆ! ತಾತ, ಗೆರೆ ಇದೆ!" ಹಲ್ಲಕ್ಕ ಕೂಗಿದ ರಭಸಕ್ಕೆ ಕಿಟಕಿಯ ಕಟ್ಟೆಯ ಮೇಲಿನ ದವಡೆಯೊಂದು ಉರುಳಿ ಬೀಳುತ್ತದೆ. "ಅಸಲಿ ಇದು. ನಿಮ್ಮಮ್ಮನ ಕೊರಳಿಗೆ ಉಜ್ಜಿ ಉಜ್ಜಿ ಅಕ್ಷರ ಸವೆದಿದೆ, ಅಷ್ಟೇ. ತಪ್ಪು ನಂದು ತಾತ. ನಿಮ್ಮ ಮನೆಗೆ ಬಂದು ಎಲ್ಲರ ಮುಂದೆ ಹೇಳ್ತೀನಿ."

ಸೊಸೆ ಡಬ್ಬಿ ಕೆಳಗಿಟ್ಟು, ಮಸೂರ ಇಸಿದುಕೊಂಡು ತಾವೇ ನೋಡುತ್ತಾರೆ. ಆಮೇಲೆ ಅವರ ದನಿ ಸಣ್ಣದಾಗುತ್ತದೆ. "ಮಾವ, ಆ ಕಪ್ತಾನನ ಮನೆ ಕಥೆ ಇನ್ನೊಂದ್ಸಲ ಹೇಳಿ. ಮಕ್ಕಳಿಗೂ ಕೇಳಿಸ್ಬೇಕು."

ತಾತ ನಾಣ್ಯವನ್ನು ಜೇಬಿಗಿಟ್ಟು, ಜೇಬನ್ನು ತಟ್ಟಿಕೊಂಡು, ನೆಟ್ಟಗಾಗುತ್ತಾರೆ.

"ಗೊತ್ತಾಯ್ತೇನಮ್ಮ? ನನ್ನ ಬಾಯಲ್ಲಿ ಖೋಟಾ ಇರೋದು ಹಲ್ಲು ಮಾತ್ರ. ಮಾತಲ್ಲ!"

ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಗುತ್ತಾರೆ. ಸೊಸೆ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಹಲ್ಲಕ್ಕ ಮಾತ್ರ ನಗದೆ, ತಲೆ ಓರೆ ಮಾಡಿ ತಾತನ ಬಾಯನ್ನೇ ದಿಟ್ಟಿಸುತ್ತಿದ್ದಾರೆ. ನಗು ಮುಗಿಯುವವರೆಗೂ ಕಾದು, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಾರೆ:

"ನೋಡಿದ್ರಾ ಸಾರ್? ಅಷ್ಟು ನಕ್ರೂ ಸೆಟ್ಟು ಒಂಚೂರೂ ಅಲ್ಲಾಡ್ಲಿಲ್ಲ."