ಉತ್ತರ ಹೇಳುವವರು ದಯವಿಟ್ಟು ಹೊರಗಿರಿ

ಕಳೆದ ಭಾನುವಾರ ನನ್ನ ಸ್ವಂತ ಮಗಳು ನನ್ನ ಸ್ವಂತ ಹೆಂಡತಿಯನ್ನು ಎಮರ್ಜೆನ್ಸಿ ವಾರ್ಡಿನಿಂದ ಹೊರಗೆ ಹಾಕಿದಳು.

ಹಿನ್ನೆಲೆ ಇಷ್ಟು. ಮನೆಯೊಡತಿಯ ಆದೇಶದಂತೆ ಫ್ಯಾನ್ ಒರೆಸಲು ಸ್ಟೂಲ್ ಹತ್ತಿದ್ದೆ. ಇಳಿಯುವಾಗ ಸ್ಟೂಲಿನ ನೆರವು ಪಡೆಯಲಿಲ್ಲ. ಮಣಿಕಟ್ಟು ಊದಿತು. ಹಲಸೂರಿನ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ ಮಗಳೇ ಡ್ಯೂಟಿ ಡಾಕ್ಟರ್.

"ಎಲ್ಲಿ ನೋವು ಅಪ್ಪಾ?"

"ಬಲಗೈ ಕಣೇ. ಶುಗರ್ ಬೇರೆ ಇದೆ, ಆದ್ರೂ ಬೆಳಿಗ್ಗೆ ಜಹಾಂಗೀರ್ ತಿಂದಿದಾರೆ" ಎಂದಳು ಹೆಂಡತಿ. (ನೋವು ನನ್ನದು, ಉತ್ತರ ಅವಳದು. ನಮ್ಮ ದಾಂಪತ್ಯದ ಪದ್ಧತಿ.)

"ಅಮ್ಮಾ, ಹೊರಗಿರು. ಪ್ರತಿ ಪೇಷಂಟನ್ನೂ ಒಂದ್ಸಲ ಒಬ್ಬರನ್ನೇ ಮಾತಾಡಿಸ್ತೀವಿ. ರೂಲ್ಸು."

"ನಾನು ನಿನ್ನ ಹೆತ್ತವಳು ಕಣೇ!"

"ಹೆತ್ತವರಿಗೂ ಅದೇ ಬಾಗಿಲು."

ಎಲ್ಲ ಪೇಷಂಟುಗಳಿಗೂ ಕೇಳುವ ಪ್ರಶ್ನೆಪಟ್ಟಿ ಹಿಡಿದು ವಿಚಾರಣೆ ಶುರುವಾಯಿತು.

"ಬೇಕಾದಾಗ ಮನೆಯಿಂದ ಹೊರಗೆ ಹೋಗ್ಬಹುದಾ?"

"ಹಾಲು ತರೋಕೆ ಬಿಡ್ತಾರೆ."

"ಆಧಾರ್ ಕಾರ್ಡ್ ನಿಮ್ಮ ಹತ್ರಾನೇ ಇರುತ್ತಾ?"

"ನಿಮ್ಮಮ್ಮನ ಬೀರುವಿನಲ್ಲಿ."

"ಬಲವಂತವಾಗಿ ಕೆಲಸ ಮಾಡಿಸ್ತಾರಾ?"

ಊದಿದ ಕೈ ತೋರಿಸಿದೆ. ಮಗಳು ನಗಲಿಲ್ಲ. ಅವಳ ಕಣ್ಣು ಪಕ್ಕದ ಹಾಸಿಗೆಯ ಮೇಲಿತ್ತು.

ಅಲ್ಲಿ ಎಣ್ಣೆ ಸಿಡಿದು ಕೈ ಸುಟ್ಟುಕೊಂಡ ಹುಡುಗಿ. ಜೊತೆಗೆ, ಚಿಕ್ಕಮ್ಮ ಎಂದು ಹೇಳಿಕೊಂಡ ಹೆಂಗಸು. ಹುಡುಗಿಯ ಹೆಸರನ್ನು ನರ್ಸ್ ಕೇಳಿದರೂ ಉತ್ತರ ಚಿಕ್ಕಮ್ಮನದೇ. ಹೊರಗಿರಿ ಎಂದರೂ ಜಗ್ಗಲಿಲ್ಲ. "ಅವಳಿಗೆ ನಾಚಿಕೆ ರೀ. ನಾನ್ಯಾಕೆ ಹೊರಗೆ ಹೋಗ್ಲಿ?"

ಬಾಗಿಲಲ್ಲಿ ನನ್ನ ಹೆಂಡತಿ ಪ್ರತ್ಯಕ್ಷಳಾದಳು. "ಹೆತ್ತ ತಾಯೀನೇ ಓಡಿಸಿದಾಳೆ ಈ ಡಾಕ್ಟ್ರಮ್ಮ, ನೀವ್ಯಾವ ಲೆಕ್ಕ? ಬನ್ರೀ, ಕಾಫಿ ಕುಡಿಯೋಣ" ಎಂದು ಆಕೆಯ ತೋಳು ಹಿಡಿದು ನಡೆದಳು. (ನನ್ನ ಹೆಂಡತಿ ಹಿಡಿದ ತೋಳನ್ನು ಬಿಡಿಸಿಕೊಂಡವರಿಲ್ಲ. ಅನುಭವದ ಮಾತು.)

ಮಗಳು ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದಳು. ಹೊರಬರುವಾಗ ಹುಡುಗಿಯ ಮಾತು ಮೊದಲ ಬಾರಿ ಕೇಳಿಸಿತು. "ಆ ಮನಿಗಿ ನಾ ಹೊಳ್ಳಿ ಹೋಗಲ್ರೀ ಅಕ್ಕಾ. ನಮ್ಮವ್ವಗ ಫೋನ್ ಹಚ್ಚಿಕೊಡ್ರಿ."

ಜೊತೆಗೆ ಬಂದಾಕೆ ಚಿಕ್ಕಮ್ಮನಲ್ಲ, ಏಜೆಂಟು. ಅಂಗಡಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಹುಡುಗಿಯನ್ನು ಊರಿನಿಂದ ಕರೆತಂದು, ಇಂದಿರಾನಗರದ ಮನೆಯೊಂದಕ್ಕೆ ಒಪ್ಪಿಸಿದ್ದಳು. ಅಲ್ಲಿ ಫೋನು ಕಿತ್ತುಕೊಂಡು, ಹೊರಗಿನಿಂದ ಬೀಗ ಹಾಕುತ್ತಿದ್ದರು. ಹುಡುಗಿ ಹೂಂ ಎಂದ ಮೇಲೆ ಮಗಳು ಪೊಲೀಸರನ್ನು ಕರೆಸಿದಳು. ಅವರು ಬರುವವರೆಗೂ ಹೆಂಡತಿ ಏಜೆಂಟಮ್ಮನನ್ನು ಕೂರಿಸಿಕೊಂಡು ನನ್ನ ಶುಗರಿನ ಚರಿತ್ರೆ ಹೇಳಿದಳಂತೆ.

(ಹುಡುಗಿ ಒಪ್ಪಿದ್ದರಿಂದ ಇಷ್ಟು ಬರೆದೆ. ಹೆಸರು, ಊರು ಬರೆಯಕೂಡದೆಂದು ಮಗಳ ಕಟ್ಟಪ್ಪಣೆ.)

ಯೋಚಿಸಿ. ಅಲ್ಲಿ ಇಬ್ಬರು ಪೇಷಂಟುಗಳು ಬಾಯಿ ಮುಚ್ಚಿ ಕೂತಿದ್ದೆವು. ಸಂಸಾರಸುಖದಿಂದ ಮುಚ್ಚಿದವನು ಯಾರು, ಭಯದಿಂದ ಮುಚ್ಚಿದವಳು ಯಾರು ಎಂದು ಮುಖ ನೋಡಿ ಹೇಳಲಾದೀತೇ? ಅದಕ್ಕೇ ಎಲ್ಲರಿಗೂ ಒಂದೇ ರೂಲ್ಸು. ಅದನ್ನು ಹೆತ್ತಮ್ಮನ ಮೇಲೂ ಚಲಾಯಿಸಿದವಳಿಗೆ ನಾನು ಅಪ್ಪ. (ಎದೆಯುಬ್ಬಿಸಿಯೇ ಬರೆದಿದ್ದೇನೆ, ಎಡಗೈಯಲ್ಲಿ.)

ಅಂದ ಹಾಗೆ, ನಿಮ್ಮ ಎದುರುಮನೆಯಲ್ಲಿ ಕೆಲಸಕ್ಕಿರುವ ಹುಡುಗಿಯ ದನಿ ಹೇಗಿದೆ ಎಂದು ನಿಮಗೆ ಗೊತ್ತೇ?